ಡೇರಿ ಮುಂದಿನ ಟೇಬಲ್ಲು

ನಲ್ಮೆಯ ಗೆಳೆಯರೇ,

ಈ ಸಲದ ಸುದ್ದಿಪತ್ರ ಎರಡು ವಾರ ತಡವಾಯಿತು, ಕ್ಷಮಿಸಿ. ನಾನು ಊರಲ್ಲಿದ್ದೆ. ಇಲ್ಲಿ ಪರದೇಶದ ನಮ್ಮ ಚರ್ಚಿನಿಂದ ಒಂಬತ್ತು ಜನ ಮಿಷನ್ ಟ್ರಿಪ್ ಅಂತ, ಅಂದರೆ ಸೇವೆಗೆ, ಮಳವಳ್ಳಿ ಕಡೆಯ ಮೂರು ಹಳ್ಳಿಗಳಿಗೆ ಹೋಗಿದ್ದೆವು. ನನಗೆ ಇದು ಎರಡನೇ ಸಲ. ನಮ್ಮ ಕನ್ನಡ ಸಂಘದಲ್ಲಿ ತುಂಬಾ ಜನ, ಚರ್ಚಿಗೆ ಹೋಗುವವರೂ ಹೋಗದವರೂ, "ಮುಂದಿನ ಸಲ ನಾವೂ ಬರ್ತೀವಿ" ಅಂದಿದ್ದೀರಿ. ಯುಗಾದಿ ಕಾರ್ಯಕ್ರಮದ ವಿವರ ಒಳಪುಟದಲ್ಲಿದೆ. ಇಲ್ಲಿ ಇದನ್ನೇ ಬರೆಯುತ್ತೇನೆ.

ಹೋದ ವರ್ಷ ನಾಲ್ಕು ಸೂಟ್‌ಕೇಸ್ ತುಂಬ ಸೋಪು, ಟೂತ್‌ಬ್ರಷ್, ಬಣ್ಣದ ಪೆನ್ಸಿಲ್ ಹೊತ್ತುಕೊಂಡು ಹೋಗಿದ್ದೆವು. ಮೈಸೂರಿನಿಂದ ಒಬ್ಬರು ಡಾಕ್ಟರು ಜೊತೆಗೆ ಬಂದಿದ್ದರು. ಶಾಲೆ ಜಗಲಿಯಲ್ಲಿ ಬೆಳಗ್ಗೆ 10 ಗಂಟೆಗೆ ಟೇಬಲ್ ಹಾಕಿ ಕೂತೆವು. ಮಧ್ಯಾಹ್ನದವರೆಗೆ ಬಂದವರು ನಾಲ್ಕು ಜನ ಅಜ್ಜಂದಿರು. ಹೆಂಗಸರೆಲ್ಲ ಗದ್ದೆಗೆ, ಕಬ್ಬು ಕಡಿಯೋಕೆ ಹೋಗಿದ್ದರು. ಮಂಡ್ಯದಲ್ಲಿ ಹುಟ್ಟಿ ಬೆಳೆದ ನನಗಾದರೂ ಅದು ಹೊಳೆಯಬೇಕಿತ್ತು. ಕೊನೆಗೆ ಊರಿನ ಆಶಾ ಕಾರ್ಯಕರ್ತೆ ಬಂದು, "ಅಕ್ಕ, ಸಾಯಂಕಾಲ ಡೇರಿ ಹತ್ರ ಹಾಕಿ, ಎಲ್ಲಾರೂ ಸಿಕ್ತಾರೆ" ಅಂದಳು.

ಹಾಗೇ ಮಾಡಿದೆವು. ಆರು ಗಂಟೆಗೆ ಡೇರಿ ಮುಂದೆ ಹಾಲಿನ ಕ್ಯಾನ್ ಸಾಲು. ಹಾಲು ಅಳೆಸಿ, ಚೀಟಿ ತಗೊಂಡು, ಖಾಲಿ ಕ್ಯಾನ್ ಪಕ್ಕಕ್ಕಿಟ್ಟು ನಮ್ಮ ಟೇಬಲ್ಲಿಗೆ ಬಂದು ತೋಳು ಚಾಚಿದರು. ಕತ್ತಲಾಗುವ ಹೊತ್ತಿಗೆ ಅರವತ್ತಕ್ಕೂ ಜಾಸ್ತಿ ಜನರ ಬಿಪಿ ನೋಡಿದ್ದೆವು. ಒಬ್ಬ ಅಜ್ಜಿಗೆ 180 ಇತ್ತು. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರೂ ಅಷ್ಟೇ. ಡಾಕ್ಟರು ಒಂದು ತಿಂಗಳ ಮಾತ್ರೆ ಕೊಟ್ಟರು. ಅಜ್ಜಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ನನ್ನ ಮುಖ ನೋಡಿ, "ಅಲ್ಲ ಕನವ್ವ, ಈ ಗುಳ್ಗೆ ಮುಗುದ್ ಮ್ಯಾಕೆ ನಾನ್ ಯಾರ್ನ ಕೇಳ್ಲಿ? ನೀವ್ ಹೊಂಟೋಯ್ತೀರಿ" ಅಂದರು.

ನಾನು ಅಲ್ಲಿಗೆ ಹೋಗಿದ್ದೇ ಮಾತು ತಿಳಿಸಿಕೊಡೋಕೆ. ಆ ಮಾತನ್ನು ನಮ್ಮವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಬಿಪಿ ಮಾತ್ರೆ ದಿನಾ ನುಂಗಬೇಕು, ಹೆಚ್ಚಿನವರಿಗೆ ಕೊನೆಯವರೆಗೂ. ತಿಂಗಳು ನುಂಗಿ ಬಿಟ್ಟರೆ ಮತ್ತೆ ಏರುತ್ತೆ, ಏರಿದ್ದು ಗೊತ್ತೂ ಆಗಲ್ಲ, ವಾಸಿಯಾಯ್ತು ಅಂದುಕೊಂಡೇ ಇರ್ತಾರೆ, ಒಂದು ದಿನ ಲಕ್ವ ಹೊಡೆದಾಗಲೇ ತಿಳಿಯೋದು. ಆ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತೆ. ಆದರೆ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನೋದು ಲೆಕ್ಕ. ಬಸ್ಸಿಗೆ ಕಾದು, ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ಅಲ್ಲಿರುವ ಮಾತ್ರೆಯನ್ನು ಇಲ್ಲಿರುವ ಅಜ್ಜಿಗೆ ತಿಂಗಳು ತಿಂಗಳು ತಲುಪಿಸುವ ಒಬ್ಬರು ಬೇಕಿತ್ತು. ಸೂಟ್‌ಕೇಸ್ ತುಂಬ ಏನು ಒಯ್ದರೂ ಅವರಿಗೆ ಬೇಕಾದದ್ದು ಅದೇ.

ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ಎತ್ತಿಕೊಂಡು ಹೋದ ಸಮಾರ್ಯದವನ ಕಥೆ ಚಿಕ್ಕಂದಿನಿಂದ ಕೇಳಿದ್ದೇನೆ. ಅವನು ಮಾರನೇ ದಿನವೇ ಹೊರಟ ಅನ್ನೋದು ನನಗೆ ಈಚೆಗೆ ಕಣ್ಣಿಗೆ ಬಿತ್ತು. ಛತ್ರದವನ ಕೈಗೆ ದುಡ್ಡು ಕೊಟ್ಟು, ಇವನನ್ನು ನೋಡಿಕೋ, ಜಾಸ್ತಿ ಖರ್ಚಾದರೆ ವಾಪಸ್ ಬಂದಾಗ ಕೊಡ್ತೀನಿ ಅಂದ. ಆಮೇಲೆ ಆರೈಕೆ ಮಾಡಿದವನು ಆ ಛತ್ರದವನು ಅಲ್ವಾ? ನಮ್ಮ ಛತ್ರದವರು ಆ ಭಾಗದಲ್ಲಿ 19 ವರ್ಷದಿಂದ ಇರುವ ಒಬ್ಬ ನರ್ಸ್ ಸಿಸ್ಟರ್. ಎರಡು ಹಾಸಿಗೆಯ ಚಿಕ್ಕ ಕ್ಲಿನಿಕ್. ಯಾವ ಮನೆಯಲ್ಲಿ ಯಾರಿಗೆ ಶುಗರ್, ಯಾರ ಸೊಸೆಗೆ ಎಷ್ಟನೇ ತಿಂಗಳು, ಎಲ್ಲ ಅವರಿಗೆ ಬಾಯಲ್ಲೇ ಇದೆ. ಮೊದಲ ಸಲ ಹೋದಾಗ ನಾವು ಅವರನ್ನು ಏನೂ ಕೇಳಿರಲಿಲ್ಲ. ನನಗೆ ಈಗಲೂ ಅದು ಚುಚ್ಚುತ್ತೆ.

ಆ ಟ್ರಿಪ್ ಆದಮೇಲೆ ಅವರನ್ನು ಕೇಳಿಯೇ ಊರಿನ ಒಬ್ಬ ಹುಡುಗಿಗೆ ಒಂದು ವರ್ಷದ ಸಂಬಳ ಕೊಟ್ಟೆವು. ಆಶಾ ಜೊತೆ ಸೇರಿ ಮನೆ ಮನೆಗೆ ಹೋಗಿ ಬಿಪಿ ನೋಡಿ ಬರೆದಿಡೋದು, ಮಾತ್ರೆ ತಂದುಕೊಡೋದು ಅವಳ ಕೆಲಸ. ಈ ಸಲ ಅವಳ ನೋಟ್‌ಬುಕ್ ನೋಡಿದೆ. 200 ಪುಟದ್ದು, ಸ್ಕೇಲ್ ಇಟ್ಟು ಕೆಂಪು ಗೆರೆ ಹಾಕಿದ್ದಾಳೆ. ಆ ಅಜ್ಜಿಯದೂ ಒಂದು ಪುಟ. 180, 164, 150, ಆಮೇಲೆ ಒಂದು ತಿಂಗಳು ಖಾಲಿ, ಅಲ್ಲಿ "ಮಗಳ ಮನೆಗೆ ಹೋಗಿದ್ದಾರೆ" ಅಂತಿದೆ. ಕೊನೆಯದು 138. ನಾನು ಆ ಪುಟದ ಮೇಲೆ ಕೈಯಿಟ್ಟುಕೊಂಡು ಸುಮ್ನೆ ಕೂತುಬಿಟ್ಟೆ.

ಇನ್ನೊಂದು, ಓದುವ ಕನ್ನಡಕ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗೋದು ಎಲ್ಲರಿಗೂ ಆಗುತ್ತೆ. ಹಳ್ಳಿಯಲ್ಲಿ ಅದನ್ನು ವಯಸ್ಸಾಯ್ತು ಅಂತ ಬಿಟ್ಟುಬಿಡ್ತಾರೆ. ಟೈಲರಿಂಗ್ ಮಾಡುವ ಒಬ್ಬರು ದಾರ ಪೋಣಿಸೋಕೆ ಮಗಳನ್ನೇ ಕಾಯಬೇಕಿತ್ತಂತೆ. +2ರ ಕನ್ನಡಕ ಹಾಕಿಕೊಂಡು, ದಾರದ ತುದಿ ಎಂಜಲು ಮಾಡಿ ಹೊಸೆದು, ಒಂದೇ ಸಲಕ್ಕೆ ಪೋಣಿಸಿದರು. ಆಮೇಲೆ ದಾರ ಎಳೆದುಹಾಕಿ ಮತ್ತೆ ಪೋಣಿಸಿದರು, ನಿಜವಾ ಅಂತ ನೋಡೋಕೆ. ಕನ್ನಡಕ ಇಲ್ಲಿಂದ ಹೊರಬೇಡಿ, ಮೈಸೂರಿನಲ್ಲೇ ಕೊಳ್ಳೋಣ. ಮುರಿದರೆ ಬೇರೆ ಸಿಗುತ್ತೆ.

ಬರುವವರು ಕೆಲವು ಮಾತು ಈಗಲೇ ತಿಳಿದುಕೊಳ್ಳಿ. ಇಲ್ಲಿನ ಡಾಕ್ಟರು ಅಲ್ಲಿ ಪುಕ್ಕಟೆ ರೋಗಿ ನೋಡಿದರೂ ರಾಷ್ಟ್ರೀಯ ವೈದ್ಯಕೀಯ ಆಯೋಗದ ಅನುಮತಿ ಬೇಕು. ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಭಾರತ ಸರ್ಕಾರ ಕೊಡುವ ಕಾರ್ಡ್) ಇದ್ದರೂ ಧರ್ಮಪ್ರಚಾರದ ಕೆಲಸಕ್ಕೆ ಪ್ರತ್ಯೇಕ ಅನುಮತಿ ಬೇಕು. ದುಡ್ಡಿನ ವಿಷಯದಲ್ಲಂತೂ ಹುಷಾರು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ಹಣವಲ್ಲ. ಒಸಿಐನವರು ಕೊಟ್ಟರೆ ವಿದೇಶಿ ದೇಣಿಗೆ, ಅದು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇರುವ ಸಂಸ್ಥೆಗೆ, 2020ರ ತಿದ್ದುಪಡಿ ಆದಮೇಲೆ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಹೋಗಬೇಕು. ಪ್ರೀತಿಯಿಂದ ಸಿಸ್ಟರ್ ಖಾತೆಗೆ ಹಾಕಿಬಿಟ್ಟರೆ ತೊಂದರೆ ಅವರಿಗೇ.

ಕಾನೂನು ಬಿಡಿ, ನನ್ನ ಮನಸ್ಸಿನ ಮಾತು ಹೇಳ್ತೀನಿ. ಮಾತ್ರೆ ಕೊಡುವ ಟೇಬಲ್ಲಿನ ಮೇಲೆ ಧರ್ಮಪ್ರಚಾರದ ಕರಪತ್ರ ಇಡಬಾರದು. ಕಾಯಿಲೆಯಲ್ಲಿ ಕೈಚಾಚಿದವರಿಗೆ ‘ಇದು ಬೇಡ’ ಅಂತ ನಮಗೆ ಹೇಳೋಕೆ ಆಗಲ್ಲ. ಭಾನುವಾರ ಊರಿನ ಪುಟ್ಟ ಚರ್ಚಿನಲ್ಲಿ ಕನ್ನಡದಲ್ಲಿ ಹಾಡಿದೆವು, ಪ್ರಾರ್ಥನೆ ಮಾಡಿದೆವು, ಮನಸ್ಸು ತುಂಬಿ ಬಂತು. ಆದರೆ ಡೇರಿ ಹತ್ತಿರ ಬಿಪಿ ಮಾತ್ರ ನೋಡಿದೆವು. ನಮ್ಮ ತಂಡದ ಒಬ್ಬರಿಗೆ ಇದು ಒಪ್ಪಿಗೆಯಾಗಲಿಲ್ಲ, ಎರಡು ರಾತ್ರಿ ಮಾತಾಡಿದೆವು. ನಾನು ಈಗಲೂ ಹಾಗೇ ಅಂತೀನಿ.

ನಾನು ಹುಟ್ಟಿದ್ದು ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ. ನಿಮ್ಮಲ್ಲೂ ಎಷ್ಟೋ ಜನ ಅಲ್ಲೇ ಹುಟ್ಟಿದವರು. 1906ರಲ್ಲಿ ಶುರುವಾದದ್ದು. ಹೆರಿಗೆಗೆ ಬಂದ ನಮ್ಮ ಅಜ್ಜಿಯಂದಿರನ್ನು ಅಲ್ಲಿ ಯಾರೂ ಜಾತಿ ಕೇಳಲಿಲ್ಲ ಅಂತ ಅಮ್ಮ ಹೇಳ್ತಿದ್ದರು. ಅದಕ್ಕೂ ಹಿಂದೆ, ಟಿಪ್ಪು ತೀರಿಕೊಂಡ ಮೇಲೆ, ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅಬ್ಬೆ ದ್ಯುಬುವಾ ಅನ್ನುವ ಫ್ರೆಂಚ್ ಪಾದ್ರಿ ಇದ್ದರು. ಜನ ದೊಡ್ಡ ಸ್ವಾಮಿಯವರು ಅಂತಿದ್ದರು. 1803-04ರಲ್ಲಿ ಮೈಸೂರು ಸೀಮೆಯಲ್ಲಿ 25,000ಕ್ಕೂ ಹೆಚ್ಚು ಜನಕ್ಕೆ ಸಿಡುಬಿನ ಲಸಿಕೆ ಹಾಕಿಸಿದರು. ಭಾರತಕ್ಕೆ ಬಂದದ್ದು 1792ರಲ್ಲಿ, ವಾಪಸ್ ಹೋದದ್ದು 1823ರಲ್ಲಿ. ನಾವು ಹೋಗೋದು ಒಂಬತ್ತು ದಿನ. ಉಳಿದ ದಿನಕ್ಕೆ ಫೋನ್ ಇದೆ. ತಿಂಗಳಿಗೊಂದು ಭಾನುವಾರ ಆ ಹುಡುಗಿಗೆ ಫೋನ್ ಮಾಡಿ ನೋಟ್‌ಬುಕ್ ಓದಿಸಿಕೊಳ್ಳುವ ಕೆಲಸಕ್ಕೆ ಹನ್ನೆರಡು ಜನ ಬೇಕು. ಅದಕ್ಕೆ ಟಿಕೆಟ್ ಬೇಡ, ವೀಸಾ ಬೇಡ, ಕನ್ನಡ ಬಂದರೆ ಸಾಕು.

ಸಿಸ್ಟರ್ ಈ ಸಲ ಎರಡು ಕೇಳಿದ್ದಾರೆ. ದಪ್ಪ ತೋಳಿನವರಿಗೆ ಸುತ್ತುವ ದೊಡ್ಡ ಪಟ್ಟಿ, ಯಾಕೆಂದರೆ ಚಿಕ್ಕದರಲ್ಲಿ ನೋಡಿದರೆ ಬಿಪಿ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತೆ. ಮತ್ತೆ ಆ ಹುಡುಗಿಗೆ ಇನ್ನೊಂದು ವರ್ಷದ ಸಂಬಳ. ಯುಗಾದಿ ಊಟದ ದಿನ ಬಾಗಿಲ ಹತ್ತಿರ ಒಂದು ಹಾಳೆ ಇಟ್ಟಿರುತ್ತೇನೆ, ಯಾವ ತಿಂಗಳ ಫೋನ್ ನಿಮ್ಮದು ಅಂತ ಹೆಸರು ಬರೆಯಿರಿ.