ಯಾರ ಆಸರೆಯೂ ಇಲ್ಲದೆ ಆಡಿದ 28 ಬೇಸಿಗೆಗಳು

ಕಳೆದ ತಿಂಗಳು ಸಂಘದ ಕೆಲವು ಕುಟುಂಬಗಳು ಸೇರಿ ಸೇಂಟ್ ಪಾಲ್ ಸೇಂಟ್ಸ್ ತಂಡದ ಬೇಸ್‌ಬಾಲ್ ಪಂದ್ಯಕ್ಕೆ ಹೋಗಿದ್ದಾಗ ನಮ್ಮ ಕನ್ನಡ ಶಾಲೆಯ ಹುಡುಗನೊಬ್ಬ ಬೇಸರದಿಂದ ಕೇಳಿದ: "ಅಂಕಲ್, ಚೆನ್ನಾಗಿ ಆಡೋರನ್ನೆಲ್ಲ ಟ್ವಿನ್ಸ್‌ನವರು ಕರಕೊಂಡು ಹೋದ್ರೆ ಇದು ನಮ್ಮ ಟೀಮ್ ಹೇಗಾಗುತ್ತೆ?" ಸೇಂಟ್ಸ್ ಈಗ ಮೇಜರ್ ಲೀಗ್ ಎಂಬ ಅತಿ ಮೇಲಿನ ಲೀಗ್‌ನಲ್ಲಿ ಆಡುವ ಮಿನ್ನೆಸೋಟ ಟ್ವಿನ್ಸ್ ತಂಡದ ಟ್ರಿಪಲ್-ಎ (ಒಂದು ಮೆಟ್ಟಿಲು ಕೆಳಗಿನ) ಶಾಖೆಯಾಗಿರುವುದರಿಂದ ಹಾಗಾಗುತ್ತದೆ ಎಂದು ಅವನಿಗೆ ಹೇಳಿದೆನಾದರೂ ಅಷ್ಟು ಸಾಲದೆನಿಸಿತು. 1993ರಿಂದ 2020ರವರೆಗೆ ಈ ತಂಡ ಯಾವ ದೊಡ್ಡ ತಂಡಕ್ಕೂ ಸೇರಿರಲಿಲ್ಲ. ಆ ಕಾಲವನ್ನು ಕಂಡ ನಮ್ಮಲ್ಲಿ ಕೆಲವರು ಊರು ಬಿಟ್ಟಿದ್ದಾರೆ, ಇಲ್ಲೇ ಹುಟ್ಟಿದ ಮಕ್ಕಳಿಗೆ ಅದನ್ನು ಹೇಳಿದವರಿಲ್ಲ. ಈ ಸಂಚಿಕೆ ನಾಳೆ ಬೆಳಿಗ್ಗೆ ಹೊರಡಬೇಕಾಗಿದ್ದರೂ ಸಂಪಾದಕೀಯದ ಜಾಗವನ್ನು ಆ ಚರಿತ್ರೆಗೇ ಕೊಡುತ್ತಿದ್ದೇನೆ.

ಸೇಂಟ್ಸ್ ಎಂಬ ಹೆಸರು ಈ ಊರಿನಲ್ಲಿ ಹಳೆಯದು. ಅದೇ ಹೆಸರಿನ ಹಿಂದಿನ ತಂಡವೊಂದು 1902ರಿಂದ 1960ರವರೆಗೆ ಅಮೆರಿಕನ್ ಅಸೋಸಿಯೇಷನ್ ಲೀಗ್‌ನಲ್ಲಿ ಆಡಿತ್ತು. ಆ ಲೀಗ್‌ನ ವರ್ಣಭೇದದ ಗೋಡೆಯನ್ನು 1948ರಲ್ಲಿ ಒಡೆದ ಕಪ್ಪು ಆಟಗಾರ ರಾಯ್ ಕ್ಯಾಂಪನೆಲ್ಲಾ ಆಗ ತೊಟ್ಟಿದ್ದದ್ದು ಸೇಂಟ್ ಪಾಲ್ ತಂಡದ ಅಂಗಿಯನ್ನೇ. 1961ರಲ್ಲಿ ಟ್ವಿನ್ಸ್ ಬಂದ ಮೇಲೆ ಹಳೆಯ ತಂಡಕ್ಕೆ ಇಲ್ಲಿ ಜಾಗವಿಲ್ಲದಾಯಿತು. ಮೂರು ದಶಕಗಳ ನಂತರ, 1993ರಲ್ಲಿ, ಮೈಲ್ಸ್ ವುಲ್ಫ್ ಅವರು ಆರು ಊರುಗಳ ತಂಡಗಳನ್ನು ಕೂಡಿಸಿ ನಾರ್ದರ್ನ್ ಲೀಗ್ ಎಂಬ ಸ್ವತಂತ್ರ ಲೀಗ್ ಕಟ್ಟಿದಾಗ ಸೇಂಟ್ಸ್ ಮತ್ತೆ ಹುಟ್ಟಿತು.

ಸ್ವತಂತ್ರ ಲೀಗ್ ಎಂದರೇನು ಎಂಬುದನ್ನು ಯಕ್ಷಗಾನ ಬಲ್ಲವರಿಗೆ ಸುಲಭವಾಗಿ ಹೇಳಬಹುದು. ಶಾಖಾ ತಂಡವೆಂದರೆ ದೇವಸ್ಥಾನದ ಹರಕೆ ಮೇಳವಿದ್ದಂತೆ, ಸ್ವತಂತ್ರ ತಂಡವೆಂದರೆ ಟಿಕೆಟ್ ಮಾರಿಯೇ ರಾತ್ರಿ ಕಳೆಯಬೇಕಾದ ಡೇರೆ ಮೇಳ. ಶಾಖಾ ತಂಡಕ್ಕೆ ಆಟಗಾರರನ್ನು ಕಳಿಸುವವರೂ ಅವರ ಸಂಬಳ ಕೊಡುವವರೂ ಮೇಜರ್ ಲೀಗ್‌ನವರು. ಸ್ವತಂತ್ರ ತಂಡವಾದರೋ ಯಾರೂ ಆರಿಸದ ಹುಡುಗರನ್ನು, ಬೇರೆಯವರು ಬಿಟ್ಟುಕೊಟ್ಟ ಹಿರಿಯರನ್ನು ತಾನೇ ಹುಡುಕಿ, ಗೇಟಿನಲ್ಲಿ ಬಂದ ಹಣದಿಂದಲೇ ಅವರಿಗೆ ಸಂಬಳ ಕೊಡಬೇಕು.

ತಂಡ ಕಟ್ಟಿದವರಲ್ಲೊಬ್ಬರಾದ ಮೈಕ್ ವೀಕ್ ಅವರಿಗೂ ಇನ್ನೊಂದು ಅವಕಾಶ ಬೇಕಾಗಿತ್ತು. 1979ರ ಜುಲೈಯಲ್ಲಿ ಶಿಕಾಗೋದಲ್ಲಿ ಅವರು ಏರ್ಪಡಿಸಿದ್ದ, ಡಿಸ್ಕೋ ರೆಕಾರ್ಡುಗಳನ್ನು ಸಿಡಿಸುವ ಕಾರ್ಯಕ್ರಮದಲ್ಲಿ ಜನ ಮೈದಾನಕ್ಕೆ ನುಗ್ಗಿ, ವೈಟ್ ಸಾಕ್ಸ್ ತಂಡ ಅಂದಿನ ಎರಡನೆಯ ಪಂದ್ಯವನ್ನು ಆಡದೆಯೇ ಕಳೆದುಕೊಂಡಿತ್ತು. ಆಮೇಲೆ ವರ್ಷಗಟ್ಟಲೆ ಬೇಸ್‌ಬಾಲ್ ಲೋಕ ಅವರನ್ನು ದೂರವಿಟ್ಟಿತು. ಮಾರ್ವಿನ್ ಗೋಲ್ಡ್‌ಕ್ಲಾಂಗ್, ನಟ ಬಿಲ್ ಮರ್ರಿ ಮೊದಲಾದವರೊಡನೆ ಸೇಂಟ್ಸ್ ತಂಡದಲ್ಲಿ ಪಾಲುದಾರರಾದ ವೀಕ್, ಆಟ ನೋಡಲು ಬಂದವರು ಸಂತೋಷವಾಗಿ ಮನೆಗೆ ಹೋಗಬೇಕು ಎಂಬುದನ್ನೇ ಮೊದಲ ನಿಯಮ ಮಾಡಿದರು.

ಆ ನಿಯಮ ಹೇಗೆ ನಡೆಯುತ್ತಿತ್ತು ಎಂಬುದನ್ನು ನಾನು ಕಂಡದ್ದು ಅಮ್ಮ ನಮ್ಮಲ್ಲಿಗೆ ಬಂದಿದ್ದ ಬೇಸಿಗೆಯಲ್ಲಿ. ಟ್ವಿನ್ಸ್ ಆಗ ಮಿನಿಯಾಪೊಲಿಸ್‌ನ ಮೆಟ್ರೊಡೋಮ್‌ನಲ್ಲಿ ಸೂರಿನಡಿ ಆಡುತ್ತಿತ್ತು, ಸೇಂಟ್ಸ್ ಮಾತ್ರ ಮಿಡ್‌ವೇ ಸ್ಟೇಡಿಯಂನಲ್ಲಿ ಬಯಲಿನ ಗಾಳಿ ಬೆಳಕಿನಲ್ಲಿ ಆಡುತ್ತಿತ್ತು. ಪಾರ್ಕಿಂಗ್ ಜಾಗದಲ್ಲಿ ಸುತ್ತಲಿನವರೆಲ್ಲ ಒಲೆ ಹೂಡಿ ಅಡುಗೆ ಮಾಡುತ್ತಿದ್ದ ನಡುವೆ ನಾವು ಸ್ಟೀಲ್ ಡಬ್ಬಿ ಬಿಚ್ಚಿ ಚಿತ್ರಾನ್ನ, ಮೊಸರನ್ನ ತಿಂದೆವು. ಒಳಗೆ ಹೋದರೆ ಒಂದು ಕಡೆ ಕ್ಷೌರದ ಕುರ್ಚಿ, ಇನ್ನೊಂದು ಕಡೆ ಸಿಸ್ಟರ್ ರೋಸಲಿಂಡ್ ಎಂಬ ಕ್ರೈಸ್ತ ಸನ್ಯಾಸಿನಿಯ ಬಳಗದವರು ಪ್ರೇಕ್ಷಕರ ಹೆಗಲು ಬೆನ್ನು ನೀವುತ್ತಿದ್ದರು. ಅಮ್ಮ ಮೊದಲು ನಾಚಿಕೊಂಡರೂ ಸೆರಗನ್ನು ಬಿಗಿಯಾಗಿ ಹೊದ್ದು ಕುಳಿತರು. ಎದ್ದು ಬಂದವರೇ, "ಬಾಣಂತನದಲ್ಲಿ ನಮ್ಮತ್ತೆ ನೀವಿದ್ದು ಬಿಟ್ಟರೆ ಇವತ್ತೇ ಕಣೋ," ಎಂದರು.

ಇನ್ನಿಂಗ್ಸ್ ನಡುವೆ ಹಂದಿಮರಿಯೊಂದು ಬೆನ್ನ ಮೇಲಿನ ಚೀಲದಲ್ಲಿ ಅಂಪೈರ್‌ಗೆ ಹೊಸ ಚೆಂಡುಗಳನ್ನು ಹೊತ್ತು ತಂದಿತು. ಪ್ರತಿವರ್ಷ ಹೊಸ ಮರಿ ತಂದು, ಜನರಿಂದಲೇ ಅದಕ್ಕೆ ಹೆಸರು ಕೇಳಿ ಇಡುವುದು ಇಲ್ಲಿನ ಪದ್ಧತಿ. "ಪಾಪ, ಅದಕ್ಕೂ ಒಂದು ಕೆಲಸ ಕೊಟ್ಟಿದಾರೆ ನೋಡು," ಎಂದ ಅಮ್ಮ, ಗೋಡೆಯಾಚೆಯ ಹಳಿಯಲ್ಲಿ ಗೂಡ್ಸ್ ರೈಲು ಕೂಗುತ್ತ ಬಂದೊಡನೆ ಹಂದಿಯನ್ನೂ ಆಟವನ್ನೂ ಮರೆತು, ಅರಸೀಕೆರೆಯ ಮನೆಯ ಹಿತ್ತಲಲ್ಲಿ ನಿಂತು ಎಣಿಸುತ್ತಿದ್ದಂತೆಯೇ ಬೋಗಿ ಎಣಿಸತೊಡಗಿದರು. ಅಂದು ಯಾರು ಗೆದ್ದರೆಂಬುದು ನನಗೆ ನೆನಪಿಲ್ಲ.

ಅಮ್ಮ ಹಂದಿಮರಿಯನ್ನು ಕುರಿತು ಹೇಳಿದ ಮಾತು ಆ ತಂಡದ ಆಟಗಾರರಿಗೂ ಸಲ್ಲುತ್ತದೆ. ಕೆವಿನ್ ಮಿಲ್ಲಾರ್‌ನನ್ನು ಮೇಜರ್ ಲೀಗ್‌ನ ಯಾವ ತಂಡವೂ ಆರಿಸಿರಲಿಲ್ಲ. 1993ರಲ್ಲಿ ಸೇಂಟ್ಸ್ ಪರ ಆಡಿ ಮೇಲೆ ಹೋದ ಆತ 2004ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ಬಾಸ್ಟನ್ ತಂಡದಲ್ಲಿದ್ದ. 2017ರಲ್ಲಿ, 45ನೆಯ ವಯಸ್ಸಿನಲ್ಲಿ, ಒಂದೇ ಒಂದು ಪಂದ್ಯಕ್ಕೆಂದು ಇಲ್ಲಿಗೆ ಮರಳಿ ಬಂದು ಹೋಮ್ ರನ್ (ನಮ್ಮ ಕ್ರಿಕೆಟ್‌ನ ಸಿಕ್ಸರ್‌ನಂಥದ್ದು) ಹೊಡೆದ. ಮಾದಕ ವ್ಯಸನದಿಂದ ಹೆಸರು ಕೆಡಿಸಿಕೊಂಡು ಎಲ್ಲಿಯೂ ಜಾಗ ಸಿಗದಿದ್ದ ಡ್ಯಾರಿಲ್ ಸ್ಟ್ರಾಬೆರಿ 1996ರಲ್ಲಿ ಇಲ್ಲಿ 29 ಪಂದ್ಯಗಳಲ್ಲಿ 18 ಹೋಮ್ ರನ್ ಹೊಡೆದ ಮೇಲೆ ನ್ಯೂಯಾರ್ಕ್ ಯಾಂಕೀಸ್ ತಂಡ ಅವನನ್ನು ಕರೆಸಿಕೊಂಡಿತು. ಹುಟ್ಟಿನಿಂದಲೇ ಕಾಲಿಲ್ಲದ ಡೇವ್ ಸ್ಟೀವನ್ಸ್ ಅದೇ ವರ್ಷ ಇದೇ ಅಂಗಣಕ್ಕಿಳಿದ. 1997ರ ಮೇ 31ರಂದು ಐಲಾ ಬಾರ್ಡರ್ಸ್ ಎಂಬ ಯುವತಿ ಪುರುಷರ ನಡುವೆ ಸೇಂಟ್ಸ್ ಪರ ಪಿಚ್ ಮಾಡಿದರು, ಅಂದರೆ ಬ್ಯಾಟ್ ಹಿಡಿದವರಿಗೆ ಚೆಂಡೆಸೆದರು. ನಮ್ಮ ಹೆಣ್ಣುಮಕ್ಕಳಿಗೆ ಈ ಕೊನೆಯ ಹೆಸರನ್ನಾದರೂ ದಯವಿಟ್ಟು ಹೇಳಿಕೊಡಿ. ಇಂಥ ಕೆಲವನ್ನು ಟಿಕೆಟ್ ಮಾರುವ ತಂತ್ರವೆಂದು ಆಗ ಟೀಕಿಸಿದವರೂ ಇದ್ದರು. ಟಿಕೆಟ್ ಮಾರಾಟವಾದದ್ದು ನಿಜ, ಆದರೆ ಅವರಿಗೆ ಆಡಲು ಅಂಗಣ ಸಿಕ್ಕಿದ್ದೂ ಅಷ್ಟೇ ನಿಜ, ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 2006ರಲ್ಲಿ ತಂಡ, ಹಳೆಯ ಲೀಗ್‌ನ ಹೆಸರನ್ನೇ ಇಟ್ಟುಕೊಂಡ ಅಮೆರಿಕನ್ ಅಸೋಸಿಯೇಷನ್ ಎಂಬ ಹೊಸ ಸ್ವತಂತ್ರ ಲೀಗ್ ಸೇರಿತು, 2015ರಲ್ಲಿ ಮಿಡ್‌ವೇ ಬಿಟ್ಟು ಲೋವರ್‌ಟೌನ್ ಬಡಾವಣೆಯ ಸಿಎಚ್‌ಎಸ್ ಫೀಲ್ಡ್ ಎಂಬ ಮೈದಾನಕ್ಕೆ ಬಂತು, 2019ರಲ್ಲಿ ಆ ಲೀಗ್‌ನ ಪ್ರಶಸ್ತಿ ಗೆದ್ದಿತು. ಮೇಜರ್ ಲೀಗ್‌ನವರು ಕೆಳಗಿನ ಲೀಗ್‌ಗಳನ್ನೆಲ್ಲ ಮರುಜೋಡಿಸಿದಾಗ, 2021ರಿಂದ, ಟ್ವಿನ್ಸ್ ಶಾಖೆಯಾಯಿತು. ಇದರಿಂದ ಆಟದ ಮಟ್ಟ ಏರಿದೆ, ಹಂದಿಮರಿಯೂ ಉಳಿದಿದೆ. ಆದರೆ ಯಾರು ಆಡಬೇಕೆಂಬುದನ್ನು ಈ ಊರಿನವರು ನಿರ್ಧರಿಸುವ ಕಾಲ ಮುಗಿಯಿತು, ಆ ಹುಡುಗನಿಗೆ ಬೇಸರವಾದದ್ದೂ ಅದಕ್ಕೇ.

ನಮ್ಮ ಸಂಘಕ್ಕಂತೂ ಮೇಲಿನಿಂದ ಆಳು ಕಳಿಸುವವರಿಲ್ಲ. ಗಣೇಶ ಹಬ್ಬದ ಅಡುಗೆಮನೆಯನ್ನು ಇಷ್ಟು ವರ್ಷ ನಡೆಸಿದ ದಂಪತಿ ಕಳೆದ ವಾರ ಡಲ್ಲಸ್‌ಗೆ ಹೊರಟರು, ಹಿಂದಿನ ರಾತ್ರಿ ತರಕಾರಿ ಹೆಚ್ಚುವುದಕ್ಕೂ ಹಬ್ಬದ ದಿನ ಬಡಿಸುವುದಕ್ಕೂ ಜನ ಬೇಕು. ಕನ್ನಡ ಶಾಲೆಯ ನೋಂದಣಿ ಈ ತಿಂಗಳ ಕೊನೆಗೆ ಮುಗಿಯುತ್ತದೆ, ರಾಜ್ಯೋತ್ಸವ ನಾಟಕದ ತಾಲೀಮು ಬರುವ ಶನಿವಾರದಿಂದ. ಈ ಪತ್ರಿಕೆಯ ಪುಟ ಜೋಡಿಸಲು ಒಬ್ಬರಾದರೂ ಮುಂದೆ ಬಂದರೆ ದೊಡ್ಡ ಉಪಕಾರವಾಗುತ್ತದೆ, ಒಬ್ಬನೇ ಮಾಡುವುದು ನಿಜಕ್ಕೂ ಕಷ್ಟವಾಗುತ್ತಿದೆ. ಸೆಪ್ಟೆಂಬರ್‌ನಲ್ಲಿ ಬೇಸ್‌ಬಾಲ್ ಋತು ಮುಗಿಯುವ ಮುನ್ನ ಇನ್ನೊಂದು ಪಂದ್ಯಕ್ಕೆ ಹೋಗೋಣವೆಂದು ಮಕ್ಕಳು ಕೇಳಿದ್ದಾರೆ, ಬರುವವರು ಹೆಸರು ಕೊಡಿ. ಮಿಡ್‌ವೇ ಕಾಲದ ಫೋಟೋ, ಟಿಕೆಟ್ ಚೂರು ಯಾರಲ್ಲಾದರೂ ಉಳಿದಿದ್ದರೆ ದಯವಿಟ್ಟು ಕಳಿಸಿಕೊಡಿ, ರಾಜ್ಯೋತ್ಸವ ಸಂಚಿಕೆಯಲ್ಲಿ ಅವಕ್ಕೆ ಎರಡು ಪುಟ ಕಾದಿರಿಸಿದ್ದೇನೆ.