ದೊಡ್ಡಜ್ಜನ ತಿಥಿ ಗೊತ್ತಾಯಿತು, ಎಲ್ಲರಿಗೂ ಥ್ಯಾಂಕ್ಸ್

ಈ ಸಲ ನಮ್ಮ ಮನೆಯಲ್ಲಿ ದೊಡ್ಡಜ್ಜನ ಶ್ರಾದ್ಧ ಅವರದೇ ತಿಥಿಯಲ್ಲಿ ನಡೆಯಿತು. ಅವರು ಹೋಗಿ ಎಂಬತ್ತು ವರ್ಷ ದಾಟಿದೆ. ಇಷ್ಟು ಕಾಲ ತಿಥಿ ಗೊತ್ತಿರಲಿಲ್ಲ. ಹಾಗಾಗಿ ಮಹಾಲಯ ಅಮಾವಾಸ್ಯೆಯ ದಿನ ಎಲ್ಲರ ಜೊತೆ ಅವರಿಗೂ ಒಂದು ಪಿಂಡ ಇಡುತ್ತಿದ್ದೆವು. ತಿಥಿ ಗೊತ್ತಿಲ್ಲದವರಿಗೆ ಅದೇ ದಿನ ಅಲ್ವಾ.

ಇದು ಸಾಧ್ಯವಾದದ್ದು ಮುಖ ನೋಡದ ಹಲವರಿಂದ. ಅವರಿಗೆ ಒಂದೊಂದು ಸಾಲಿನ ಥ್ಯಾಂಕ್ಸ್ ಕಳಿಸಿದ್ದೇನೆ. ಅದು ಸಾಲದು ಅನಿಸಿತು. ಅದಕ್ಕೇ ಈ ಬರಹ.

ದೊಡ್ಡಜ್ಜ ಅಂದರೆ ನನ್ನ ಅಜ್ಜನ ಅಣ್ಣ. ಪುತ್ತೂರಿನ ಕಡೆಯ ಹುಡುಗ. ಮದ್ರಾಸಿನಲ್ಲಿ ಓದುತ್ತಿದ್ದಾಗ ಇಂಡಿಯನ್ ಏರ್ ಫೋರ್ಸ್ ಸೇರಿದರು. ನಮ್ಮ ವಾಯುಪಡೆ ಶುರುವಾದದ್ದು 1932ರ ಅಕ್ಟೋಬರ್ 8ಕ್ಕೆ. ಮಹಾಯುದ್ಧ ಬಂದಾಗ ಅದು ಇನ್ನೂ ಪುಟ್ಟದು. ಕರಾವಳಿ ಕಾಯಲು ವಾಲಂಟಿಯರ್ ರಿಸರ್ವ್‌ನವರನ್ನು ಸೇರಿಸಿ ಮದ್ರಾಸು, ಬೊಂಬಾಯಿ, ಕಲ್ಕತ್ತ, ಕರಾಚಿ, ಕೊಚ್ಚಿಯಂಥ ಬಂದರುಗಳಲ್ಲಿ ಕೋಸ್ಟಲ್ ಡಿಫೆನ್ಸ್ ಫ್ಲೈಟ್ ಕಟ್ಟಿದ್ದರು. ಹಾರಿಸಲು ಕೊಟ್ಟದ್ದು ವಾಪಿಟಿ ಎಂಬ ಹಳೇ ಕಾಲದ ವಿಮಾನ. 1942ರ ಏಪ್ರಿಲ್ 6ರಂದು ಜಪಾನಿನವರು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬ್ ಹಾಕಿದರು. ಆಮೇಲೆ ಬಂಗಾಳ ಕೊಲ್ಲಿ ಅಂದರೆ ಸುಮ್ನೆ ಸಮುದ್ರ ಅಲ್ಲ, ಯುದ್ಧದ ಅಂಗಳ.

ಆ ವರ್ಷದ ಚಳಿಗಾಲದಲ್ಲಿ ಮನೆಗೆ ಟೆಲಿಗ್ರಾಂ ಬಂತು. ವಿಮಾನ ಹಿಂತಿರುಗಿಲ್ಲ, ಹುಡುಗ ಕಾಣೆಯಾಗಿದ್ದಾನೆ, ಅಷ್ಟೇ. ತಿಂಗಳುಗಳು ಕಳೆದ ಮೇಲೆ ಇನ್ನೊಂದು ಕಾಗದ: ತೀರಿಕೊಂಡಿದ್ದಾರೆಂದು ಸರಕಾರ ಭಾವಿಸುತ್ತದೆ. ಆಗಿನ ಕ್ರಮ ಹಾಗೇ. ಕಾಣೆಯಾದವರ ಸುದ್ದಿ ಸಾಮಾನ್ಯವಾಗಿ ಆರು ತಿಂಗಳು ಬರದಿದ್ದರೆ ಸಾವು ಎಂದು ದಾಖಲು ಮಾಡುತ್ತಿದ್ದರು.

ಅವರ ತಾಯಿ ಅದನ್ನು ಒಪ್ಪಲಿಲ್ಲ. ಜಪಾನಿನವರ ಸೆರೆಯಲ್ಲಿ ಇರಬಹುದು ಎಂದು ಕಾದರು. 1945ರ ಮೇ ತಿಂಗಳಲ್ಲಿ ರಂಗೂನಿನ ಜೈಲಿನಿಂದ ಸೆರೆಯಾಳುಗಳು ಹೊರಬಂದ ಸುದ್ದಿ ಬಂದಾಗ ದಿನಾ ಪೇಪರ್ ಓದಿಸಿ ಕೇಳುತ್ತಿದ್ದರಂತೆ. ಯಾರೋ ಹಿರಿಯರು, ಯುದ್ಧದಲ್ಲಿ ಹೋದವರಿಗೆ ಘಾತ ಚತುರ್ದಶಿಯಂದು ಮಾಡಬಹುದು ಎಂದರು. ಆ ಮಾತಿಗೆ ಅವರು ಎದ್ದು ಒಳಗೆ ಹೋದರು. ಅವರಿದ್ದಷ್ಟು ದಿನ ಮಗನ ಹೆಸರಲ್ಲಿ ಎಳ್ಳು ನೀರು ಬಿಡಲು ಯಾರಿಗೂ ಧೈರ್ಯ ಬರಲಿಲ್ಲ. ಇದನ್ನೆಲ್ಲ ಹೇಳಿದ್ದು ಅಜ್ಜನ ತಂಗಿ, ನಮಗೆಲ್ಲ ಸಣ್ಣಜ್ಜಿ. ಈಗ ತೊಂಬತ್ತು ದಾಟಿದ್ದಾರೆ. ದೊಡ್ಡಜ್ಜನನ್ನು ಕಣ್ಣಾರೆ ಕಂಡವರಲ್ಲಿ ಉಳಿದವರು ಅವರೊಬ್ಬರೇ. "ಅಣ್ಣನಿಗೊಂದು ದಿನ ಅಂತ ಇಲ್ಲವಲ್ಲ" ಎಂದು ಪ್ರತಿ ಮಹಾಲಯಕ್ಕೂ ಹೇಳುತ್ತಿದ್ದರು.

ಮನೆಯವರು ಹುಡುಕಲಿಲ್ಲ ಅಂತಲ್ಲ. ದೊಡ್ಡಪ್ಪ ಡೆಲ್ಲಿಗೆ ಹೋದಾಗ ಇಂಡಿಯಾ ಗೇಟ್ ಸುತ್ತಿ ಕತ್ತು ನೋಯುವವರೆಗೆ ಹೆಸರು ಓದಿದ್ದರು. ಅಲ್ಲಿ ಕೆತ್ತಿರುವುದು ಮೊದಲ ಮಹಾಯುದ್ಧದಲ್ಲಿ ಮತ್ತು 1919ರ ಅಫ್ಘನ್ ಯುದ್ಧದಲ್ಲಿ ಮಡಿದವರ ಹೆಸರುಗಳು. ಎರಡನೆಯ ಮಹಾಯುದ್ಧದವರು ಅಲ್ಲಿಲ್ಲ. ಒಂದು ಕಚೇರಿಯಿಂದ "ದಾಖಲೆ ಲಭ್ಯವಿಲ್ಲ" ಎಂದು ಒಂದೇ ಸಾಲಿನ ಉತ್ತರ ಬಂತು. ಅದರ ಹೆಸರು ಇಲ್ಲಿ ಬೇಡ, ಈಗ ಸಿಟ್ಟೂ ಇಲ್ಲ.

ಮೊದಲ ಥ್ಯಾಂಕ್ಸ್ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನವರಿಗೆ. ಎರಡು ಮಹಾಯುದ್ಧಗಳಲ್ಲಿ ಸತ್ತ ಬ್ರಿಟಿಷ್ ಸಾಮ್ರಾಜ್ಯದ ಸೈನಿಕರ ಹೆಸರುಗಳನ್ನೆಲ್ಲ ಅವರು ಇಟ್ಟಿದ್ದಾರೆ. ಯಾರು ಬೇಕಾದರೂ ದುಡ್ಡಿಲ್ಲದೆ ಹುಡುಕಬಹುದು. ನಮ್ಮವರ ಹೆಸರು ಮಾತ್ರ ಸುಲಭಕ್ಕೆ ಸಿಗಲಿಲ್ಲ. ನಮ್ಮ ಕಡೆಯ ಹೆಸರಲ್ಲಿ ಊರು, ಅಪ್ಪ, ಮನೆತನ ಎಲ್ಲ ಇನಿಷಿಯಲ್ ಆಗಿ ಮುಂದೆ ನಿಂತಿರುತ್ತವೆ. ಇಂಗ್ಲಿಷಿನ ಗುಮಾಸ್ತ ಯಾವುದನ್ನು ಕೊನೆಗೆ ತಳ್ಳಿದನೋ ದೇವರಿಗೇ ಗೊತ್ತು. ಊರಿನ ಹೆಸರಲ್ಲೂ ಹುಡುಕುವ ಹಾಗಿಲ್ಲ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಧಾರವಾಡದವರಾಗಿದ್ದರೆ ಬೊಂಬಾಯಿಯವರು ಎಂದು ಬರೆದಿರುತ್ತಿದ್ದರು. ಕೊನೆಗೆ ಕೈ ಹಿಡಿದದ್ದು ಸರ್ವಿಸ್ ನಂಬರ್. ಅದು ಎಲ್ಲಿತ್ತು ಗೊತ್ತೇ? ಆ ಟೆಲಿಗ್ರಾಮಿನಲ್ಲೇ, ಹೆಸರಿನ ಪಕ್ಕದಲ್ಲಿ. ಅದನ್ನು ಪಂಚಾಂಗಗಳ ಕಟ್ಟಿನೊಳಗೆ ಇಟ್ಟು ಕಾಪಾಡಿದ ಸಣ್ಣಜ್ಜಿಗೆ ಎರಡನೆಯ ಥ್ಯಾಂಕ್ಸ್. ಅವರಿಗೆ ಇದನ್ನು ಓದಿ ಹೇಳುತ್ತೇನೆ.

ನಂಬರ್ ಹಾಕಿದ ಕೂಡಲೇ ಸಿಕ್ಕಿತು. ತಾರೀಕು ಸಹಿತ. ಹೆಸರಿರುವುದು ಸಿಂಗಪುರದ ಕ್ರಾಂಜಿಯಲ್ಲಿ.

ಬಂಗಾಳ ಕೊಲ್ಲಿಯಲ್ಲಿ ಕಾಣೆಯಾದವರ ಹೆಸರು ಸಿಂಗಪುರದಲ್ಲಿ ಯಾಕೆ ಎಂದು ಮನೆಯಲ್ಲಿ ಎಲ್ಲರೂ ಕೇಳಿದರು. ದಕ್ಷಿಣ ಮತ್ತು ಪೂರ್ವ ಏಷ್ಯಾದ ಮೇಲೆ, ಸುತ್ತಲಿನ ಸಮುದ್ರಗಳ ಮೇಲೆ ಹಾರುವಾಗ ಸತ್ತು, ದೇಹ ಸಿಗದ ವಾಯುಪಡೆಯವರನ್ನೆಲ್ಲ ಅಲ್ಲಿಯ ಸಿಂಗಪುರ ಮೆಮೋರಿಯಲ್‌ನಲ್ಲಿ ಸೇರಿಸಿದ್ದಾರೆ. ಭೂಸೇನೆಯವರೂ ಸೇರಿ 24,000ಕ್ಕೂ ಜಾಸ್ತಿ ಹೆಸರು. 1957ರ ಮಾರ್ಚ್ 2ರಂದು ಅದನ್ನು ತೆರೆದರು. ಸಾಲು ಕಂಬಗಳ ಮೇಲಿನ ಚಾವಣಿ ವಿಮಾನದ ರೆಕ್ಕೆಯ ಆಕಾರದಲ್ಲಿದೆ. ಅಲ್ಲಿ ನೆಲೆಸಿರುವ ಕನ್ನಡಿಗರೊಬ್ಬರು, ನಮಗೆ ನೆಂಟರಲ್ಲ, ಪರಿಚಯವೂ ಇಲ್ಲ, ಭಾನುವಾರ ಬಿಸಿಲಲ್ಲಿ ಗುಡ್ಡ ಹತ್ತಿ ಹೆಸರನ್ನು ಹುಡುಕಿ ಫೋಟೋ ಕಳಿಸಿದರು. ನಾವು ಕೇಳಿದ್ದು ಫೋಟೋ ಮಾತ್ರ. ಅವರು ಹೂವನ್ನೂ ಇಟ್ಟಿದ್ದರು. ಸಾರ್, ನಿಮಗೆ ಏನು ಹೇಳಲಿ. ಊರಿಗೆ ಬಂದಾಗ ಮನೆಗೆ ಬರಲೇಬೇಕು.

ತಾರೀಕು ಸಿಕ್ಕಿತು, ಸರಿ. ಆದರೆ ಏನಾಯಿತು?

ಇಲ್ಲಿ ನನ್ನ ಚಿಕ್ಕಪ್ಪನ ಮಗಳ ತಲೆ ಓಡಿತು. ಅದೇ ತಾರೀಕಿಗೆ, ಅದೇ ಸ್ಮಾರಕದಲ್ಲಿ ಇನ್ನು ಯಾರ ಹೆಸರಿದೆ ಎಂದು ನೋಡಿದಳು. ವಿಮಾನದಲ್ಲಿ ಒಬ್ಬರೇ ಇರಲಿಲ್ಲವಲ್ಲ. ಬ್ರಿಟಿಷರು ಸಿಕ್ಕರು, ಜೊತೆಗೆ ಒಬ್ಬ ಆಸ್ಟ್ರೇಲಿಯಾದ ಹುಡುಗ. ಅವರ ಸ್ಕ್ವಾಡ್ರನ್, ಅಂದರೆ ವಿಮಾನ ತುಕಡಿಯ, ನಂಬರೂ ಸಿಕ್ಕಿತು. ಅದು ಬ್ರಿಟನ್ನಿನ ರಾಯಲ್ ಏರ್ ಫೋರ್ಸಿನದು! ನಾವೆಲ್ಲ ಇಂಡಿಯನ್ ಏರ್ ಫೋರ್ಸಿನ ಸ್ಕ್ವಾಡ್ರನ್ ಪಟ್ಟಿಗಳನ್ನು ತಡಕುತ್ತಿದ್ದೆವು. ದೊಡ್ಡಜ್ಜನನ್ನು ಬ್ರಿಟಿಷ್ ಸ್ಕ್ವಾಡ್ರನ್ನಿಗೆ ಎರವಲು ಕೊಟ್ಟಿದ್ದರು. ಯುದ್ಧದಲ್ಲಿ ಹೀಗೆ ಎಷ್ಟೋ ಜನ ನಮ್ಮವರು ಬ್ರಿಟಿಷ್ ಸ್ಕ್ವಾಡ್ರನ್ನುಗಳಲ್ಲಿ ಹಾರಿದ್ದಾರೆ. ಆ ಆಸ್ಟ್ರೇಲಿಯಾದವನೂ ಹಾಗೇ. ಎಂಪೈರ್ ಏರ್ ಟ್ರೇನಿಂಗ್ ಸ್ಕೀಮ್ ಎಂಬ ಯೋಜನೆಯಲ್ಲಿ ತರಬೇತಾದವರನ್ನು ಎಲ್ಲೆಲ್ಲಿಗೋ ಕಳಿಸುತ್ತಿದ್ದರು.

ಆಸ್ಟ್ರೇಲಿಯಾದ ರಾಷ್ಟ್ರೀಯ ಪತ್ರಾಗಾರಕ್ಕೆ ದೊಡ್ಡ ನಮಸ್ಕಾರ ಸಲ್ಲಬೇಕಾದದ್ದು ಇಲ್ಲೇ. ಯುದ್ಧದಲ್ಲಿ ಸತ್ತ ಅಥವಾ ಕಾಣೆಯಾದ ತಮ್ಮ ವಾಯುಪಡೆಯವರ ಕ್ಯಾಶುವಾಲ್ಟಿ ಫೈಲುಗಳು ಅಲ್ಲಿ ಎ705 ಎಂಬ ಸರಣಿಯಲ್ಲಿವೆ. ಫೈಲಿನ ಶೀರ್ಷಿಕೆಯಲ್ಲೇ ಹೆಸರು, ಸರ್ವಿಸ್ ನಂಬರ್, ವಿಮಾನದ ಮಾದರಿ ಮತ್ತು ನಂಬರ್, ಜಾಗ, ತಾರೀಕು ಬರೆದಿರುತ್ತಾರೆ. ಸ್ಕ್ಯಾನ್ ಆಗಿರುವ ಫೈಲನ್ನು ಮನೆಯಲ್ಲೇ ಕೂತು, ಒಂದು ರೂಪಾಯಿ ಕೊಡದೆ ಓದಬಹುದು. ಅರ್ಜಿ ಬೇಡ, ಸಂಬಂಧಿ ಎಂಬ ಪ್ರಮಾಣಪತ್ರ ಬೇಡ. ಒಂದು ಪುಟ ಮಸುಕಾಗಿತ್ತು ಎಂದು ಬರೆದರೆ ಅಲ್ಲಿಯ ಸಿಬ್ಬಂದಿಯೊಬ್ಬರು ಮತ್ತೆ ಸ್ಕ್ಯಾನ್ ಮಾಡಿ ಕಳಿಸಿದರು.

ಆ ಫೈಲಿನಲ್ಲಿ ನಮ್ಮ ಮನೆಯೂ ಇತ್ತು. ಮೆಲ್ಬರ್ನಿನ ಕ್ಯಾಶುವಾಲ್ಟಿ ವಿಭಾಗದವರು ಆ ಹುಡುಗನ ತಾಯಿಗೆ ಬರೆದ ಕಾಗದಗಳಿವೆ. ಹಡ್ಸನ್ ವಿಮಾನ ಬೆಳಗ್ಗೆ ಗಸ್ತಿಗೆ ಹೊರಟದ್ದು, ಮಧ್ಯೆ ಒಂದು ವೈರ್‌ಲೆಸ್ ಸಂದೇಶ ಬಂದದ್ದು, ಆಮೇಲೆ ಇಲ್ಲ. ಮಾರನೆಯ ದಿನ ಬೇರೆ ವಿಮಾನಗಳು ಹೋಗಿ ಹುಡುಕಿದವು. ಆ ಸಂದೇಶ ಕಳಿಸಿದ್ದು ವೈರ್‌ಲೆಸ್ ಆಪರೇಟರ್. ಅಂದರೆ ನಮ್ಮ ದೊಡ್ಡಜ್ಜ. ಇನ್ನೊಂದು ಹಾಳೆಯಲ್ಲಿ ವಿಮಾನದಲ್ಲಿದ್ದವರೆಲ್ಲರ ಮನೆಯ ವಿಳಾಸ. ಆ ತಾಯಿ ಕೇಳಿದ್ದರಂತೆ, ಉಳಿದ ಹುಡುಗರ ಅಮ್ಮಂದಿರಿಗೆ ಕಾಗದ ಬರೆಯಬೇಕು, ವಿಳಾಸ ಕೊಡಿ ಎಂದು. ಪಟ್ಟಿಯ ಕೊನೆಯಲ್ಲಿ ನಮ್ಮ ಮುತ್ತಜ್ಜನ ಹೆಸರು, ಅಂಚೆ ಕಚೇರಿಯ ಹೆಸರು ಪೂರ್ತಿ ತಪ್ಪು, "ಸೌತ್ ಕೆನರಾ" ಮಾತ್ರ ಸರಿ. ಅದನ್ನು ಓದಿದಾಗ ದೊಡ್ಡಪ್ಪ ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದರು.

ಸ್ಕ್ವಾಡ್ರನ್ ನಂಬರನ್ನೂ ಆ ಹುಡುಗನ ಹೆಸರನ್ನೂ ಬೇಕೆಂದೇ ಬರೆಯುತ್ತಿಲ್ಲ. ಅದು ಅವನ ಮನೆಯವರ ಸಂಗತಿ ಕೂಡ. ಅವರಿಗೆ ಪತ್ರ ಹಾಕಿದ್ದೇವೆ.

ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಸ್ಕ್ವಾಡ್ರನ್ನುಗಳ ದಿನಚರಿ ಇದೆ. ಏರ್ 27 ಎಂಬ ಸರಣಿ. ಫಾರ್ಮ್ 540 ಎಂದರೆ ದಿನದ ಸಾರಾಂಶ, 541ರಲ್ಲಿ ಒಂದೊಂದು ಹಾರಾಟದ ವಿವರ: ಯಾವ ವಿಮಾನ, ಯಾರ್ಯಾರು, ಎಷ್ಟು ಗಂಟೆಗೆ ಏರಿತು, ಎಷ್ಟಕ್ಕೆ ಇಳಿಯಿತು. ನಮ್ಮ ವಿಮಾನದ ಸಾಲಿನಲ್ಲಿ ಇಳಿದ ಸಮಯದ ಜಾಗ ಖಾಲಿ. ಆ ಸೆಕೆಯಲ್ಲಿ, ಮಲೇರಿಯಾದ ನಡುವೆ ಕೂತು ಪ್ರತಿ ಹಾರಾಟವನ್ನೂ ಟೈಪ್ ಮಾಡಿದ ಆ ಗುಮಾಸ್ತ ಯಾರೋ. ಅವನಿಗೂ ಥ್ಯಾಂಕ್ಸ್. (ನಿಮ್ಮವರು ಬ್ರಿಟನ್ನಿನಿಂದಲೇ ಹಾರಿದ್ದರೆ ಏರ್ 81 ನೋಡಿ. ಅದೇ ಅಲ್ಲಿಯ ಕ್ಯಾಶುವಾಲ್ಟಿ ಫೈಲುಗಳ ಸರಣಿ. ಅಲ್ಲಿ ಒಬ್ಬೊಬ್ಬರಿಗೆ ಒಂದು ಫೈಲಲ್ಲ, ಒಂದೊಂದು ಘಟನೆಗೆ ಒಂದು. ಕಾಲಕ್ರಮದಲ್ಲಿ ಕಂತು ಕಂತಾಗಿ ಬಿಡುಗಡೆ ಮಾಡುತ್ತಾ ಬಂದಿದ್ದಾರೆ.)

ಇನ್ನು ನಮ್ಮ ಭಟ್ಟರು. ತಾರೀಕು ಕೊಟ್ಟ ತಕ್ಷಣ ತಿಥಿ ಹೇಳುತ್ತಾರೆ ಎಂದುಕೊಂಡಿದ್ದೆವು. ಅವರು ಕೇಳಿದ್ದು "ಎಷ್ಟು ಗಂಟೆಗೆ?" ಶ್ರಾದ್ಧಕ್ಕೆ ಅಪರಾಹ್ನದ ತಿಥಿ ಮುಖ್ಯ, ಆ ದಿನ ಮಧ್ಯಾಹ್ನವೇ ತಿಥಿ ಬದಲಾಗಿತ್ತು. ಫಾರ್ಮ್ 541 ಮುಂದಿಟ್ಟೆವು. ಏರಿದ ಸಮಯ, ವೈರ್‌ಲೆಸ್ ಬಂದ ಸಮಯ, ಪೆಟ್ರೋಲು ಎಷ್ಟು ಹೊತ್ತಿಗೆ ಮುಗಿಯಬೇಕು, ಎಲ್ಲ ಲೆಕ್ಕ ಹಾಕಿದರು. ಅಷ್ಟರಲ್ಲಿ ತಂಗಿ ಇನ್ನೊಂದು ತೊಡಕು ತಂದಳು: 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ ವರೆಗೆ ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು. ಭಟ್ಟರು ಬೇಸರ ಮಾಡಿಕೊಳ್ಳಲಿಲ್ಲ. ಮತ್ತೆ ಮೊದಲಿನಿಂದ ಲೆಕ್ಕ. ಆ ಒಂದು ಗಂಟೆಯಿಂದ ಏನೂ ಬದಲಾಗಲಿಲ್ಲ, ಆದರೆ ನೋಡದೆ ಬಿಡಲಿಲ್ಲ. ಆಮೇಲೆ ಸೌರಮಾನವೋ ಚಾಂದ್ರಮಾನವೋ ಎಂದು ದೊಡ್ಡಪ್ಪಂದಿರ ಜಗಳ. ಅದು ಯಾವ ಪತ್ರಾಗಾರದಿಂದಲೂ ಬಗೆಹರಿಯುವಂಥದ್ದಲ್ಲ. ಮಾರ್ಗಶಿರವೇ ಇರಲಿ ಎಂದು ಸಣ್ಣಜ್ಜಿ ತೀರ್ಪು ಕೊಟ್ಟರು.

ಯುದ್ಧ ಮುಗಿದಾಗ ರಾಯಲ್ ಏರ್ ಫೋರ್ಸಿನಲ್ಲಿ ಕಾಣೆಯಾದವರು ನಲವತ್ತು ಸಾವಿರಕ್ಕೂ ಜಾಸ್ತಿ. ಅವರನ್ನು ಹುಡುಕಲೆಂದೇ ಒಂದು ದಳ ಕಟ್ಟಿ ಊರೂರು, ಕಾಡು ಕಾಡು ಅಲೆದರು. ಸಮುದ್ರಕ್ಕೆ ಬಿದ್ದವರಿಗೆ ಆ ದಳವೂ ಏನು ಮಾಡೀತು? ಅಂಥವರಿಗೆ ಉಳಿದಿರುವುದು ಕಾಗದವೊಂದೇ. ನಿಮ್ಮ ಮನೆಯಲ್ಲೂ "ಬರ್ಮಾಕ್ಕೆ ಹೋದವರು ಬರಲೇ ಇಲ್ಲ" ಎಂಬ ಮಾತಿದ್ದರೆ ಪೆಟ್ಟಿಗೆ, ಅಟ್ಟ, ಹಳೇ ಪಂಚಾಂಗ ಎಲ್ಲ ನೋಡಿ. ಸರ್ವಿಸ್ ನಂಬರ್ ಸಿಕ್ಕರೆ ನನಗೆ ಬರೆಯಿರಿ, ಗೊತ್ತಿದ್ದಷ್ಟು ದಾರಿ ತೋರಿಸುತ್ತೇನೆ. ಟೆಲಿಗ್ರಾಂ ಸಿಕ್ಕರೆ ಮೊದಲು ಫೋಟೋ ತೆಗೆದಿಡಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಆಮೇಲೆ ಬಿಡಿಸಲು ಬರುವುದಿಲ್ಲ. ಈ ವಿಷಯದಲ್ಲಿ ದೊಡ್ಡಪ್ಪ ಇನ್ನೂ ಒಪ್ಪುತ್ತಿಲ್ಲ. ಅದಕ್ಕೆ ನಮ್ಮ ಟೆಲಿಗ್ರಾಂ ಸದ್ಯ ನನ್ನ ಬೀರುವಿನಲ್ಲಿದೆ.