ಕೊಳದ ದಂಡೆಯಲ್ಲಿ ಕೂತ ಗೆರ್ಟ್ರೂಡ್

ಪ್ರೀತಿಯ ಗೆಳೆಯಾ,

"ಆ ಚಿತ್ರದಲ್ಲಿನ ಸನ್ಯಾಸಿನಿಯ ಎದೆಯೊಳಗೆ ಮಗು ಯಾಕೆ ಕೂತಿದೆ?" ಎಂದು ಮೊನ್ನೆ ಫೋನಿನಲ್ಲಿ ಕೇಳಿದ್ದೆಯಲ್ಲ. ಎರಡೇ ಮಾತಿನಲ್ಲಿ ಮುಗಿಸಿಬಿಟ್ಟೆ. ಆಮೇಲೆ ಮನಸ್ಸು ತಡೆಯಲಿಲ್ಲ, ಅದಕ್ಕೇ ಈ ಕಾಗದ.

ಅವಳು ಸಂತ ಗೆರ್ಟ್ರೂಡ್. ಜರ್ಮನಿಯ ಹೆಲ್ಫ್ಟಾ ಮಠಕ್ಕೆ ಐದು ವರ್ಷದ ಕೂಸಾಗಿದ್ದಾಗಲೇ ಬಂದವಳು. ಓದಿನಲ್ಲಿ ಮುಳುಗಿದ್ದವಳಿಗೆ ಇಪ್ಪತ್ತೈದರ ಹರೆಯದಲ್ಲಿ, 1281ರ ಜನವರಿಯ ಒಂದು ಮುಸ್ಸಂಜೆ, ಮೊದಲ ದರ್ಶನವಾಯಿತು. ಮಠದ ನಿಯಮದಂತೆ ಹಿರಿಯ ಸನ್ಯಾಸಿನಿಯೊಬ್ಬರಿಗೆ ತಲೆಬಾಗಿ ಮೇಲೆತ್ತಿ ನೋಡಿದರೆ ಎದುರಿಗೆ ಹದಿನಾರರ ಚೆಲುವ ಹುಡುಗನಾಗಿ ಯೇಸು, ನಡುವೆ ಮುಳ್ಳಿನ ಬೇಲಿ. ಅವನೇ ಕೈಹಿಡಿದು ಈಚೆಗೆ ದಾಟಿಸಿಕೊಂಡನಂತೆ.

ನನಗೆ ಅದಕ್ಕಿಂತ ಪ್ರಿಯವಾದದ್ದು ಇನ್ನೊಂದು ಪ್ರಸಂಗ. ಈಸ್ಟರ್ ಕಳೆದ ಮೇಲೆ, ಒಂದು ಬೆಳಗ್ಗೆ ಅವಳು ಅಂಗಳದ ಮೀನುಕೊಳದ ಬಳಿ ಕೂತಿದ್ದಾಳೆ. ತಿಳಿನೀರು, ಸುತ್ತ ಹಸಿರು ಮರ, ಹಾರಾಡುವ ಪಾರಿವಾಳಗಳು. ಇಷ್ಟಿದ್ದೂ ಇಲ್ಲಿ ಏನು ಕಡಿಮೆ ಎಂದು ಯೋಚಿಸುತ್ತಾಳೆ: ಪಕ್ಕದಲ್ಲಿ ಕೂರಲು ಆಪ್ತ ಸ್ನೇಹಿತರೊಬ್ಬರು. ಅಂದು ರಾತ್ರಿ ಮಲಗುವ ಮುನ್ನ ಮಂಡಿಯೂರಿದಾಗ, ತನ್ನನ್ನು ಪ್ರೀತಿಸುವವರಲ್ಲಿ ಬಂದು ನೆಲೆಸುತ್ತೇನೆ ಎಂಬ ಯೇಸುವಿನ ಮಾತು ತಟ್ಟನೆ ನೆನಪಾಗುತ್ತದೆ. ಬಂದೇ ಬಿಟ್ಟ ಎಂದು ಎದೆಗೆ ಗೊತ್ತಾಗುತ್ತದೆ.

ನೀನು ಕೇಳಿದ ಮಗು ಹಾಗೆ ಬಂದು ನೆಲೆಸಿದ ಯೇಸುವೇ.

ಈ ದರ್ಶನಗಳನ್ನು ಹೇಳುವ ಅವಳ ಪುಸ್ತಕ 1536ರಲ್ಲಿ ಕಲೋನ್‌ನಲ್ಲಿ ಲ್ಯಾಟಿನ್‌ನಲ್ಲಿ ಅಚ್ಚಾಯಿತು, ಮುಂದೆ ಸ್ಪ್ಯಾನಿಷ್‌ಗೂ ಬಂತು. ಮೆಕ್ಸಿಕೋದಲ್ಲಿ ಬರೋಕ್ ಎಂಬ ಆಡಂಬರದ ಶೈಲಿಯ ಚಿತ್ರಕಾರರು ಅವಳನ್ನು ಮತ್ತೆ ಮತ್ತೆ ಬರೆದರು. ಅವರಲ್ಲೊಬ್ಬನಾದ ಮಿಗೆಲ್ ಕಾಬ್ರೆರಾ 1763ರಲ್ಲಿ ಬರೆದದ್ದು ಈಗ ಅಮೆರಿಕದ ಡಲ್ಲಾಸ್‌ನ ಕಲಾ ಸಂಗ್ರಹಾಲಯದಲ್ಲಿದೆ. ಮಾದರಿ ಹೆಚ್ಚುಕಡಿಮೆ ಒಂದೇ: ಕಪ್ಪು ನಿಲುವಂಗಿ, ಮಠಾಧ್ಯಕ್ಷೆಯ ದಂಡ, ಎದೆಯ ಮೇಲೆ ಹೃದಯ, ಅದರೊಳಗೆ ಬಾಲಯೇಸು. ದಂಡ ಮಾತ್ರ ತಪ್ಪು. ಅವಳು ಅಧ್ಯಕ್ಷೆಯಾಗಿರಲೇ ಇಲ್ಲ. ಅದೇ ಮಠವನ್ನು ನಾಲ್ಕು ದಶಕ ನಡೆಸಿದ ಇನ್ನೊಬ್ಬ ಗೆರ್ಟ್ರೂಡ್ ಜೊತೆ ಹೆಸರು ಕಲಸಿಹೋಗಿ ಇವಳ ಕೈಗೆ ದಂಡ ಬಂತು. ಅದು ನನಗೆ ಬೇಸರವೇ. ಅಧಿಕಾರದ ಗುರುತು ಈ ಹೆಣ್ಣಿಗೆ ಒಪ್ಪುವುದಿಲ್ಲ.

ಆದರೆ ಹೃದಯದ ವಿಷಯದಲ್ಲಿ ಆ ಚಿತ್ರಕಾರರಿಗೆ ಕೈಮುಗಿಯುತ್ತೇನೆ. ಒಳಗೆ ನಡೆದದ್ದನ್ನು ಹೊರಗೆ ಕಾಣಿಸುವುದು ಹೇಗೆ? ಅವರು ಎದೆಯನ್ನೇ ಬಾಗಿಲು ತೆರೆದ ಮನೆಯಂತೆ ಬರೆದರು. ನೆನಪಿದೆಯಾ, 1750ರಲ್ಲಿ ಇದೇ ಕಾಬ್ರೆರಾ ಬರೆದ ಸೋರ್ ಹ್ವಾನಾ ಚಿತ್ರ ಕಳಿಸಿದ್ದೆ? ಆ ಸನ್ಯಾಸಿನಿ ಕವಿಯ ಎದೆಯ ಮೇಲೊಂದು ದೊಡ್ಡ ದುಂಡನೆಯ ಫಲಕ, ಅದರಲ್ಲಿ ಮರಿಯಮ್ಮನಿಗೆ ದೇವದೂತ ಶುಭವಾರ್ತೆ ಹೇಳುತ್ತಿರುವ ಚಿತ್ರ. ಮೆಕ್ಸಿಕೋದ ಕೆಲವು ಮಠಗಳ ಸನ್ಯಾಸಿನಿಯರು ಇಂಥ ಚಿತ್ರಫಲಕವನ್ನು ದಿನವೂ ಗಂಟಲ ಕೆಳಗೆ ಧರಿಸುತ್ತಿದ್ದರು. ಮಠದ ಗೋಡೆ ದಾಟಿ ಹೊರಗೆ ಹೋಗದ ಹೆಂಗಸರು ಅವರು. ಎದೆಯ ಮೇಲೆ ಚಿತ್ರ ಹೊತ್ತು ಗೆರ್ಟ್ರೂಡಳ ಮುಂದೆ ಮಂಡಿಯೂರಿದವಳಿಗೆ, ಅವಳ ಎದೆಯೊಳಗಿನ ಮಗು ವಿಚಿತ್ರ ಅನಿಸಿರಲಾರದು.

ಈ ಚಿತ್ರಗಳಲ್ಲಿ ನಾನು ಹುಡುಕುವುದು ಆ ಕೊಳವನ್ನು. ಅದು ಸಿಗುವುದಿಲ್ಲ. ಪುಸ್ತಕದಲ್ಲಿದೆ, ಪಾರಿವಾಳಗಳ ಸಮೇತ. ಸ್ನೇಹಿತರೊಬ್ಬರಿದ್ದಿದ್ದರೆ ಎಂದು ಅವಳು ಬಯಸುವ ಆ ಸಾಲು ಓದುವಾಗ ನೀನು ನೆನಪಾದೆ.

ಬಿಡುವಾದಾಗ ಬರೆ.

ನಿನ್ನ ಗೆಳೆಯ